ಫಿಲಮ್ಮಿಗೆ ತೊಟ್ಟ ಕೋಟು

ಎಲ್ಲ ಅವಾಂತರಕ್ಕೂ ಮೂಲ ಒಂದು ಕೋಟು. ಅದೂ ಬೀರಯ್ಯ ಮೇಷ್ಟ್ರದ್ದಲ್ಲ.

ಮಾದರಿ ಶಾಲೆಗಳ ಬಗ್ಗೆ ಸರ್ಕಾರದವರು ತೆಗೆಯುತ್ತಿದ್ದ ಸಾಕ್ಷ್ಯಚಿತ್ರಕ್ಕೆ ಸರಸ್ವತಿಪುರಂನ ಅವರ ಮಿಡ್ಲ್ ಸ್ಕೂಲೂ ಆಯ್ಕೆಯಾಗಿತ್ತು. ಕ್ಯಾಮೆರಾದ ಜೊತೆಗೆ ವಿದ್ಯಾಧಿಕಾರಿ ಸಾಹೇಬರೂ ಬರುವವರಿದ್ದರು. ಶಾಲೆಯಿಂದ ಯಾರೋ ಒಬ್ಬರಿಗೆ ಕಾಕನಕೋಟೆಯ ಕಾಡಂಚಿಗೆ ವರ್ಗವಾಗುತ್ತದೆಂಬ ಗುಸುಗುಸು ಬೇರೆ. ಕಾಂಪೌಂಡಿನೊಳಗೇ ನಲ್ಲಿಯಿರುವ ಬಾಡಿಗೆ ಮನೆ ಮೇಷ್ಟ್ರಿಗೆ ಸಿಕ್ಕಿದ್ದು ಮೊನ್ನೆ ಮೊನ್ನೆ. ಅದನ್ನು ಬಿಟ್ಟು ಆನೆಗಳ ನೆರೆಹೊರೆಗೆ ಹೋಗುವುದೆಂದರೆ!

"ಸಾಹೇಬ್ರನ್ನ ಮೆಚ್ಚಿಸ್ಬುಡಿ, ಇಲ್ಲೇ ಉಳ್ಕೋತೀರಿ," ಎಂದು ಉಪಾಯ ಹೇಳಿದವರು ಪಕ್ಕದ ತರಗತಿಯ ಬೆಟ್ಟಯ್ಯ ಮೇಷ್ಟ್ರು.

"ಈ ತೇಪೆ ಅಂಗೀಲಿ ಮೆಚ್ಚಿಸ್ತೀರಾ?" ಎಂದು ಫಿಲಮ್ಮು ತೆಗೆಯುವ ದಿನ ಬೆಳಿಗ್ಗೆಯೇ ಮೂಗು ಮುರಿದವರು ಎದುರು ಮನೆಯ ಗಿರಿಜಾಂಬಾ. "ತಗೊಳ್ಳಿ, ನಮ್ಮೆಜಮಾನ್ರ ಮದುವೆ ಕೋಟು."

ಮೇಷ್ಟ್ರ ಹೆಂಡತಿ ಸುಮಿತ್ರಮ್ಮ ಒಮ್ಮೆ ಕೋಟನ್ನೂ ಒಮ್ಮೆ ಗಂಡನ ಹೊಟ್ಟೆಯನ್ನೂ ನೋಡಿದಳು. "ಬಿಗಿಯಾಗ್ತದೆ ಕಣಮ್ಮ."

"ಉಸಿರು ಹಿಡ್ಕೊಂಡ್ರಾಯ್ತು!"

ಮೇಷ್ಟ್ರು ಉಸಿರು ಹಿಡಿದೇ ಶಾಲೆ ಸೇರಿದರು. ನುಸಿಗುಳಿಗೆಯ ವಾಸನೆಗೆ ಮುಂದಿನ ಸಾಲಿನ ಮಕ್ಕಳು ಸೀನತೊಡಗಿದರು.

ದೀಪಗಳು ಹತ್ತಿಕೊಂಡವು. ಕ್ಯಾಮೆರಾ ಕಾಫಿಪುಡಿ ಮಿಷನ್ನಿನಂತೆ ಗರಗರ ಎಂದಿತು. ಮೇಷ್ಟ್ರು ತರಗತಿಗೆ ಮುಖ ಮಾಡಿ ನಿಂತು, ಗೋಡೆಯ ಭೂಪಟದತ್ತ ಠೀವಿಯಿಂದ ಕೈಯೆತ್ತಿದರು. ಪರ್‍ರ್! ಬೆನ್ನಿನ ಹೊಲಿಗೆ ಕತ್ತಿನಿಂದ ಸೊಂಟದವರೆಗೆ ಬಿಟ್ಟುಕೊಂಡಿತು. ಪುಣ್ಯಕ್ಕೆ ಆ ಗರಗರದಲ್ಲಿ ಸದ್ದು ಕೇಳಿಸಿದ್ದು ಅವರೊಬ್ಬರಿಗೇ. ತಕ್ಷಣ ಗೋಡೆಗೆ ಬೆನ್ನು ಹಚ್ಚಿದರು.

"ಈಗ ಬೋರ್ಡ್ ಮೇಲೆ ಬರೀರಿ ಸಾರ್," ಎಂದ ಫಿಲಮ್ಮಿನ ನಿರ್ದೇಶಕ.

ತಿರುಗಿದರೆ ಮಾನ ಹೋಯಿತು! ಕಿಟಕಿಯಾಚೆಯಿಂದ ಬೆಟ್ಟಯ್ಯನವರು ಬರೀರಿ, ಬರೀರಿ ಎಂದು ಕೈಸನ್ನೆ ಮಾಡುತ್ತಲೇ ಇದ್ದರು.

"ಬರೆಯೋದ್ಯಾಕೆ?" ಎಂದುಬಿಟ್ಟರು ಮೇಷ್ಟ್ರು. "ಚೂಡಾಮಣಿ, ನೀನೇ ಕಾವೇರಿ. ಮಹದೇವು, ನೀನು ಕಪಿಲಾ. ಹರೀರಿ ನೋಡೋಣ!"

ಚೂಡಾಮಣಿ ಕೊಡಗಿನಿಂದ, ಎಂದರೆ ಬಾಗಿಲಿನಿಂದ, ಜಡೆ ಹಾರಿಸಿಕೊಂಡು ಹರಿದಳು. ಮಹದೇವು ಬೆಂಚುಗಳ ನಡುವೆ ನುಗ್ಗಿ ತಿರುಮಕೂಡಲಿನಲ್ಲಿ ಅವಳಿಗೆ ಡಿಕ್ಕಿ ಹೊಡೆದ. "ಸಂಗಮ!" ಎಂದು ಇಡೀ ತರಗತಿ ಕೂಗಿತು. ನಗು, ಚಪ್ಪಾಳೆ, ಗದ್ದಲ. ಮೇಷ್ಟ್ರಿಗೂ ಕೋಟು ಮರೆತುಹೋಗಿ, ನಿಂತಲ್ಲೇ ಕುಣಿಯುವಷ್ಟು ಖುಷಿಯಾಯಿತು. ಇಷ್ಟು ವರ್ಷದಲ್ಲಿ ಇಂಥ ಪಾಠ ಅವರು ಮಾಡಿದ್ದೇ ಇಲ್ಲ.

ಸಾಹೇಬರು ಕುರ್ಚಿ ಬಿಟ್ಟೆದ್ದರು. "ಭೇಷ್! ಒಂದಕ್ಷರ ಬರೀದೆ ಇಂಥ ಪಾಠ! ದಿನಾ ಹೀಗೇನಾ?"

"ದಿನಾ ಹಿಂಗೇ ಸ್ವಾಮಿ," ಎಂದರು ಮೇಷ್ಟ್ರು, ಗೋಡೆ ಬಿಡದೆ. "ನಂಗೆ ಬೋರ್ಡೇ ಬೇಡ."

"ನಿಮ್ಮಂಥೋರನ್ನೇ ನಾನು ಹುಡುಕ್ತಿದ್ದದ್ದು! ಕಾಕನಕೋಟೆ ಹತ್ರ ಹೊಸ ಶಾಲೆ ತೆಗ್ದಿದೀವಿ. ಬೋರ್ಡಿಲ್ಲ, ಗೋಡೆ ಇನ್ನೂ ಎದ್ದಿಲ್ಲ, ಮರದ ಕೆಳಗೇ ಪಾಠ. ಬೆಟ್ಟಯ್ಯನವರನ್ನ ಕಳಿಸೋಣ ಅಂತಿದ್ದೆ. ಪಾಪ, ಅವರ ಕೈಲಿ ಎಲ್ಲಾಗುತ್ತೆ? ನೀವೇ ಹೊರಡಿ!"

ಬೆಟ್ಟಯ್ಯನವರು ಬಾಗಿಲು ಸುತ್ತಿ ಬರುವಷ್ಟೂ ತಾಳಲಿಲ್ಲ, ಕಿಟಕಿ ಹಾರಿಯೇ ಒಳಬಂದು ಮೇಷ್ಟ್ರನ್ನು ಬಾಚಿ ತಬ್ಬಿಕೊಂಡರು. ಮೇಷ್ಟ್ರ ಕಣ್ಣಿಂದ ನೀರು ದಳದಳ ಸುರಿಯಿತು.

"ಆನಂದಬಾಷ್ಪ! ಹತ್ತಿರದಿಂದ ತೆಗೀರಿ!" ಎಂದು ನಿರ್ದೇಶಕ ಕೂಗಿದ. ಅವತ್ತಿಡೀ ಎರಡನೇ ಸಲ ತೆಗೆಯಬೇಕಾಗದ ದೃಶ್ಯವೆಂದರೆ ಅದೊಂದೇ.