ಚಾಲಕನು ಎಂದರೆ ಯಾರು?

ನಮ್ಮ ಸೋದರಮಾವನ ಎದುರು ಯಾವ ಬೋರ್ಡನ್ನೂ ಗಟ್ಟಿಯಾಗಿ ಓದಬಾರದು. ಓದಿದಿರೋ, ಕೆಟ್ಟಿರಿ! ಒಮ್ಮೆ ಬಂಗಾರಪೇಟೆ ಬಸ್ಸಿನಲ್ಲಿ ನಾನು ಬಾಯಿ ತಪ್ಪಿ 'ತಲೆ, ಕೈ ಹೊರಗೆ ಚಾಚಬಾರದು' ಎಂದು ಓದಿದೆ. "ಕಾಲಿನ ಇಚಾರ ಏಳೇ ಇಲ್ವಲ್ಲಮ್ಮ!" ಎಂದವನೇ ಕಿಟಕಿಯಿಂದ ಕಾಲು ಹೊರಗಿಟ್ಟ. ಕಂಡಕ್ಟರ್ ಕೂಗಾಡಿದರೆ ಬೋರ್ಡು ತೋರಿಸಿದ. ಚಿನ್ನದ ಗಣಿಯ ಕೋರಮಂಡಲ್ ಹತ್ತಿರ ಒಂದು ಚಪ್ಪಲಿ ಉದುರಿಹೋಯಿತು. ಆದರೂ ಊರು ಮುಟ್ಟುವವರೆಗೆ ಗೆದ್ದವನ ಮುಖ!

ಎಂಬತ್ತರ ದಶಕದಲ್ಲಿ ನಾನು ಪಾಲಿಟೆಕ್ನಿಕ್ ಸೇರಿದೆ. ಮೆಕ್ಯಾನಿಕಲ್ ತರಗತಿಗೆ ನಾನೊಬ್ಬಳೇ ಹುಡುಗಿ. ಕೊನೆಯ ವರ್ಷ ಉರಿಗಾಂ ಮೈದಾನದಲ್ಲಿ ವಿದ್ಯಾರ್ಥಿಗಳೇ ಕಟ್ಟಿದ ಕಾರುಗಳ ಓಟ ಎಂದು ಗೊತ್ತಾಯಿತು. ನಾನೂ ಮೂವರು ಗೆಳೆಯರೂ ಹಳೇ ಸ್ಕೂಟರಿನ ಇಂಜಿನ್ ಹುಡುಕಿ ತಂದು ಮಾವನ ಕೊಟ್ಟಿಗೆಯಲ್ಲಿ ಕೆಲಸ ಶುರು ಮಾಡಿದೆವು. ಓಡಿಸುವವಳು ನಾನೇ ಎಂದು ಗೆಳೆಯರು ತೀರ್ಮಾನಿಸಿದ್ದರು. ನನಗೋ ನಿದ್ದೆಯಲ್ಲೂ ಸ್ಟಿಯರಿಂಗ್!

ನಿಯಮಗಳ ಹಾಳೆ ಸಿಕ್ಕಿದ್ದೇ ತಡ, ಮಾವ ಹಾಲು ಕರೆಯುವುದನ್ನೂ ಮರೆತ. 'ನಾಲ್ಕು ಚಕ್ರಗಳಿರತಕ್ಕದ್ದು' ಎಂದಿತ್ತು. "ನಾಲ್ಕೂ ಒಂದೇ ಸೈಜು ಅಂತ ಏಳವ್ರಾ?" ಎಂದು ಮುಂದೆ ಪುಟ್ಟ ಚಕ್ರ, ಹಿಂದೆ ಸ್ಕೂಟರಿನ ಚಕ್ರ ಹಾಕಿಸಿದ. ಕಾರು ನೀರು ಕುಡಿಯಲು ಬಗ್ಗಿದ ಎಮ್ಮೆಯಂತಾಯಿತು. 'ಆಸನ ಭದ್ರವಾಗಿರತಕ್ಕದ್ದು' ಎಂದಿತ್ತು. ಅತ್ತೆಯ ಕಬ್ಬಿಣದ ಕುರ್ಚಿಯ ಕಾಲು ಕತ್ತರಿಸಿ ವೆಲ್ಡಿಂಗ್ ಮಾಡಿಸಿಬಿಟ್ಟ! ಆಸನವೇನೋ ಭದ್ರವಾಯಿತು, ಮನೆಯಲ್ಲಿ ಮಾವನ ಊಟ ಅಭದ್ರವಾಯಿತು.

ಓಟದ ದಿನ ತೀರ್ಪುಗಾರರು ಕಾರನ್ನು ಒಪ್ಪಿದರು, ನನ್ನನ್ನು ಒಪ್ಪಲಿಲ್ಲ. "ನೋಡಮ್ಮ, ನಿಯಮದಲ್ಲಿ 'ಚಾಲಕನು' ಅಂತಿದೆ. ಹುಡುಗಿಯರು ಓಡಿಸುವ ಹಾಗಿಲ್ಲ."

ವರ್ಷದ ಕೆಲಸವೆಲ್ಲ ಒಂದೇ ಪದಕ್ಕೆ ಹೋಯಿತೇ? ಮಾವ ಮಾತ್ರ ಹಬ್ಬದೂಟಕ್ಕೆ ಕರೆದಷ್ಟು ಖುಷಿಯಿಂದ ಮುಂದೆ ಬಂದ.

"ಆಗ್ಲಿ ಸಾರ್. 'ಚಾಲಕನು ಹೆಲ್ಮೆಟ್ ಧರಿಸತಕ್ಕದ್ದು' ಅಂತಾನೂ ಐತೆ. ಅಂಗಾದ್ರೆ ನಮ್ ಉಡುಗಿಗೆ ಹೆಲ್ಮೆಟ್ ಬ್ಯಾಡ್ವಾ?"

"ಅದು ಹೇಗಾಗುತ್ರೀ? ಬೇಕೇ ಬೇಕು!"

"ಹೆಲ್ಮೆಟ್‌ಗೆ ಚಾಲಕ, ಓಡ್ಸಾಕೆ ಮಾತ್ರ ಚಾಲಕ ಅಲ್ಲ ಅಂತೀರಾ? 'ಪ್ರಯಾಣಿಕನು ಟಿಕೆಟ್ ತೋರಿಸತಕ್ಕದ್ದು' ಅಂತಾರಲ್ಲ, ನಾಳೆ ನಮ್ಮೆಂಡ್ರುನ್ನ ಟಿಕೆಟ್ ಇಲ್ದೇನೆ ರೈಲು ಅತ್ತಿಸ್ತೀನಿ. ಇಡ್ಕೊಂಡ್ರೆ ನೀವೇ ಬಂದು ಬಿಡಿಸ್ಬೇಕು!"

ಮೈದಾನವೆಲ್ಲ ನಕ್ಕಿತು. "ವಿಡುಂಗ ಸಾರ್! ಬಿಟ್ಬಿಡಿ ಸಾರ್!" ಎಂದು ತಮಿಳಿನಲ್ಲೂ ಕನ್ನಡದಲ್ಲೂ ಕೂಗೆದ್ದಿತು. "ಹತ್ತಮ್ಮ ತಾಯಿ, ಹತ್ತು" ಎಂದು ತೀರ್ಪುಗಾರರು ಕೈ ಮುಗಿದರು.

ಓಡಿಸಿದೆ! ಎರಡನೆಯವಳಾಗಿದ್ದೆ ಕೂಡ. ಇನ್ನೇನು ಗೆರೆ ಕಾಣಿಸಿತು ಎನ್ನುವಾಗ ಇಂಜಿನ್ ಕೊನೆಯುಸಿರೆಳೆಯಿತು. ತಳ್ಳಲು ಓಡಿ ಬಂದ ಗೆಳೆಯರನ್ನು ಮಾವನೇ ತಡೆದ. 'ಚಾಲಕನ ಹೊರತು ಬೇರೆ ಯಾರೂ ವಾಹನವನ್ನು ಮುಟ್ಟತಕ್ಕದ್ದಲ್ಲ' ಎಂಬ ನಿಯಮದಲ್ಲಿ ಅವನಿಗೂ ಸಂದು ಸಿಕ್ಕಿರಲಿಲ್ಲ. ನಾನು ಇಳಿದು ಒಬ್ಬಳೇ ತಳ್ಳಿದೆ. ಒಂದೊಂದೇ ಕಾರು ನನ್ನನ್ನು ದಾಟಿ ಹೋಯಿತು. ಮಾವ ಹಗ್ಗದಾಚೆ ನನ್ನ ಜೊತೆಗೇ ನಡೆದು ಬಂದ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು. "ತಳ್ಳಮ್ಮ, ಇಲ್ಲೇ ಐತೆ, ತಳ್ಳು."

ಕೊನೆಯವಳಾಗಿ ಗೆರೆ ದಾಟಿದೆ. ಹೆಲ್ಮೆಟ್ ತೆಗೆದು ನೋಡಿದರೆ ಮಾವನ ಕೆನ್ನೆಯೆಲ್ಲ ಒದ್ದೆ.

"ಮಾವ, ಅಳ್ತಿದ್ದೀಯಾ?"

"ಊಂ ಕಣಮ್ಮ. ಅಳಬಾರ್ದು ಅಂತ ಏನಾದ್ರೂ ಬರ್ದವ್ರಾ?"

ಇರಲಿಲ್ಲ. ಇಬ್ಬರೂ ಅತ್ತೆವು.