ಸೋಮಲಿಂಗನ ಕಾಲು ಬಿಡದ ಬೈಂಡಿಂಗು

ಎಲ್ಲಕ್ಕೂ ಕಾರಣ ಪಕ್ಕದ ಮನೆಯ ಅನಸವ್ವನ ಮಿಕ್ಸರ್.

ಅಂಗಳದಲ್ಲಿ ಮಲಗಿಸಿದ್ದ ಆಳುದ್ದದ ಎರಡು ಹಲಗೆಗಳನ್ನು ಗೋಡೆಯಾಚೆಯಿಂದ ನೋಡಿದ ಅನಸವ್ವ, "ಏನಪಾ ಸೋಮಲಿಂಗ, ಬಾಗಲಾ ಮಾಡಸ್ತೀಯೇನು?" ಎಂದಳು.

ಬನಹಟ್ಟಿಯ ಸೀರೆ ವ್ಯಾಪಾರಿ ಸೋಮಲಿಂಗನಿಗೆ ಅಂದು ಬೆಳಗಿನಿಂದಲೂ ಮನಸ್ಸು ಸರಿ ಇರಲಿಲ್ಲ. ಆದರೂ ತಿಳಿಸಿ ಹೇಳಿದ. ಇವು ಮಗಳು ಸ್ನೇಹಾಳ ಸ್ಕೀ, ಹಿಮದ ಮೇಲೆ ಜಾರುವವು. ನಡುವೆ ಬೂಟನ್ನು ಕಚ್ಚಿ ಹಿಡಿಯುತ್ತದಲ್ಲ, ಅದು ಬೈಂಡಿಂಗು. ಇದು ಹೊಸ ನಮೂನೆಯದು. ಗುಡ್ಡ ಹತ್ತುವಾಗ ಹಿಮ್ಮಡಿ ಎತ್ತಲು ಬಿಡುತ್ತದೆ, ಇಳಿಯುವಾಗ ಪಾದವನ್ನು ಹಿಂದೆ ಮುಂದೆ ಎರಡೂ ಕಡೆ ಹಿಡಿಯುತ್ತದೆ. ಬಿದ್ದರೆ ಮಾತ್ರ ತಾನಾಗಿಯೇ ಬಿಡುತ್ತದಂತೆ.

"ಒಂದರಾಗ ಎರಡಾ?" ಅನಸವ್ವ ಗಲ್ಲಕ್ಕೆ ಕೈ ಹಚ್ಚಿದಳು. "ನನ್ನ ಮಿಕ್ಸರೂ ಹಂಗ ಹೇಳೇ ಕೊಟ್ರು ನೋಡಪಾ. ಚಟ್ನೀನೂ ಅರೀತೈತಿ, ಹಿಟ್ಟೂ ನಾದತೈತಿ ಅಂತ. ಈಗ ಎರಡೂ ಮಾಡವಲ್ದು. ಹೋದ ಸಲ ಹುಡುಗೀ ಮೊಣಕಾಲ ಮುರದದ್ದು ಇಂಥಾದ್ದೇ ಅಲ್ಲೇನು?"

ಇಷ್ಟು ಹೇಳಿ ಆಕೆ ಒಳಗೆ ಹೋದಳು. ಸೋಮಲಿಂಗನ ಸಿಟ್ಟು ಪವರ್‌ಲೂಮಿನಂಥದ್ದು; ಕರೆಂಟು ಬಂದದ್ದೇ ತಡ, ಇಡೀ ಓಣಿಗೆ ಕೇಳುವಂತೆ ಬಡಿಯತೊಡಗುತ್ತದೆ.

ಸ್ನೇಹಾ ಗುಲ್ಮಾರ್ಗದಲ್ಲಿ ಪ್ರವಾಸಿಗರಿಗೆ ಸ್ಕೀ ಕಲಿಸುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಬಿದ್ದಾಗ ಬೈಂಡಿಂಗು ಬಿಡಲಿಲ್ಲ. ಹಲಗೆ ತಿರುಗಿತು, ಹಲಗೆಯೊಂದಿಗೆ ಮೊಣಕಾಲೂ ತಿರುಗಿತು. ಆಪರೇಶನ್ ಆಗಿ ಊರಿಗೆ ಬಂದ ಮಗಳನ್ನು, ಸಣ್ಣವಳಿದ್ದಾಗ ಎತ್ತಿದಂತೆ ಎತ್ತಿ ಬಚ್ಚಲಿಗೆ ಒಯ್ದು ಕೂರಿಸಿದವನು ಸೋಮಲಿಂಗ. ಆಗ ಆಕೆ ಹಲ್ಲು ಕಚ್ಚಿ ನುಂಗಿದ ನರಳಿಕೆ ಅವನ ಕಿವಿಯಲ್ಲಿ ಇನ್ನೂ ಇತ್ತು. ಈಗ ಕಾಲು ನೆಟ್ಟಗಾಗಿದೆ, ಅವನು ಬೇಡವೆಂದರೂ ಕೇಳದೆ ನಾಳೆ ಮತ್ತೆ ಹೊರಟಿದ್ದಾಳೆ. ಇವತ್ತು ಗೆಳತಿಯನ್ನು ಕಾಣಲು ಜಮಖಂಡಿಗೆ ಹೋಗಿದ್ದಳು.

"ಬಿಡತೈತಂತ! ಬಿಡತೈತೋ ಇಲ್ಲೋ ನಾನ ನೋಡತೇನಿ!"

ಅಪ್ಪ ಮಗಳ ಪಾದ ಒಂದೇ ಅಳತೆಯವು. ಸೋಮಲಿಂಗ ಬರಿಗಾಲನ್ನೇ ಆಕೆಯ ಗಟ್ಟಿ ಪ್ಲಾಸ್ಟಿಕ್ ಬೂಟಿನೊಳಗೆ ತುರುಕಿ ಬಲಗಾಲು ಒತ್ತಿದ. ಟಕ್. ಎಡಗಾಲು ಒತ್ತಿದ. ಟಕ್. ಬೂಟಿನ ಮುಂದೆ ಒಂದೊಂದು ಹಿಡಿಕೆ ಸಡಿಲವಾಗಿ ಮಲಗಿತ್ತು. ಚಿಲಕ ಹಾಕುವುದು ಉಳಿದಿದೆ ಅಂದುಕೊಂಡು, ಸ್ಕೀ ಜೊತೆಗಿದ್ದ ಊರುಗೋಲಿನ ತುದಿಯಿಂದ ಎರಡನ್ನೂ ಮೇಲಕ್ಕೆ ಎಳೆದ. ಆಮೇಲೆ ಕಾಲು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಒದ್ದ, ಜಗ್ಗಿದ. ಹಿಮ್ಮಡಿ ಏಳುತ್ತಿತ್ತು, ಬೆರಳ ತುದಿ ಬಿಡುತ್ತಿರಲಿಲ್ಲ.

"ಭಾಗವ್ವಾ! ಬಾ ಇಲ್ಲೆ! ನೋಡ ಬಾ, ಬಿಡವಲ್ದು! ನಿನ್ನ ಮಗಳನ್ನ ಕೊಲ್ಲಾಕ ಕಂಪನ್ಯಾವ್ರು ಕಳಿಸ್ಯಾರ ಇದನ್ನ!"

ಹೆಂಡತಿ ಭಾಗವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಬೂಟರ ಬಿಚ್ಚ್ರಿ."

ಬೂಟಿನ ಪಟ್ಟಿಗಳೇನೋ ಬಿಚ್ಚಿದವು. ಬೆವರಿದ ಬರಿಗಾಲು ಒಳಗಿನ ಮೆತ್ತೆಗೆ ಅಂಟಿಕೊಂಡು ಜಪ್ಪಯ್ಯ ಅನ್ನಲಿಲ್ಲ. ಭಾಗವ್ವ ಜಗ್ಗಿದಳು, ಅನಸವ್ವ ಮತ್ತೆ ಬಂದು ಭಾಗವ್ವನನ್ನು ಜಗ್ಗಿದಳು. ಸೋಮಲಿಂಗ ಇಬ್ಬರಿಗೂ ಬೈದ.

"ಬಾಳೇಶನ ಗ್ಯಾರೇಜಿಗೆ ಹೋಗ್ರಿ. ಪಾನಾ, ಇಕ್ಕಳ ಎಲ್ಲಾ ಇರತಾವ ಅವನ ಕಡೆ," ಎಂದಳು ಅನಸವ್ವ.

ಗ್ಯಾರೇಜು ರಸ್ತೆಯ ಆಚೆ ಬದಿಗಿತ್ತು. ಸೋಮಲಿಂಗ ಲುಂಗಿ ಮೇಲೆ ಕಟ್ಟಿ, ಊರುಗೋಲು ಊರಿ, ಟಪ್ ಟಪ್ ಎಂದು ಹಿಮ್ಮಡಿ ಎತ್ತುತ್ತ, ಕೊಳದಿಂದ ಎದ್ದ ಬಾತುಕೋಳಿಯಂತೆ ಹೊರಟ. ರಸ್ತೆಯ ನಟ್ಟನಡುವೆ ಬಂದಾಗ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಎದುರಾಯಿತು. ಅವನು ಬದಿಗೆ ಸರಿಯಲು ನೋಡಿದ. ಒಂದು ಸ್ಕೀಯ ಮೇಲೆ ಇನ್ನೊಂದು ಸ್ಕೀ ಏರಿ ಕೂತಿತು.

"ಸರೀರಿ ಸಾವಕಾರ್ರ! ಸಮೀರವಾಡಿ ಸಕ್ಕರಿ ಫ್ಯಾಕ್ಟರಿ ಮುಟ್ಟಬೇಕ ನಾ!" ಡ್ರೈವರ್ ಹಾರ್ನ್ ಒತ್ತಿದ.

"ನೀನ ಹಿಂದಕ ತುಗೊಳ್ಳೋ!"

"ಎರಡ ಡಬ್ಬಿ ಅದಾವ್ರೀ ಹಿಂದ. ಹೆಂಗ ತುಗೊಳ್ಳಿ?"

"ನನ್ನ ಹಿಂದನೂ ಎರಡ ಅದಾವು, ಕಾಣವಲ್ವು?"

ಬಸ್ಸು ನಿಂತಿತು, ಟಂಟಂ ಆಟೋಗಳು ನಿಂತವು. ನಾಲ್ಕು ಜನ ಇಳಿದು ಅವನನ್ನು ಹಲಗೆ ಸಮೇತ ಹೊತ್ತು ಗ್ಯಾರೇಜಿನ ಮುಂದೆ ಇಳಿಸಿದರು. ಹತ್ತು ಜನ ಮೊಬೈಲಿನಲ್ಲಿ ಹಿಡಿದರು. ಸೋಮಲಿಂಗ ಎಲ್ಲರ ಹೆಸರು ಹಿಡಿದು ಬೈದ. ಹೆಸರು ಗೊತ್ತಿಲ್ಲದವರನ್ನು ಅವರ ಗಾಡಿಯ ಹೆಸರಿನಿಂದ ಬೈದ.

ಬಾಳೇಶ ಬಗ್ಗಿ ನೋಡಿ, ಹತ್ತಿಯ ಚೂರಿನಿಂದ ಕೈ ಒರೆಸಿಕೊಂಡ. "ಇದೇನ ದೊಡ್ಡ ಕೆಲಸಲ್ಲ ಬಿಡ್ರಿ ಕಾಕಾ. ಈ ಹಿಡಕಿ ಜಗ್ಗೂದಷ್ಟ," ಎಂದು ಮುಂದಿನ ಹಿಡಿಕೆಗಳನ್ನು ಬಲವಾಗಿ ಇನ್ನಷ್ಟು ಮೇಲಕ್ಕೆ ಎಳೆದ. ಕಟ್ ಕಟ್ ಎಂದು ಅವು ಮತ್ತೊಂದು ಹಲ್ಲು ಏರಿ ಬಿಗಿಯಾದವು. ಬಾಳೇಶನ ಮುಖ ಸಣ್ಣದಾಯಿತು.

"ಬಿದ್ರ ಬಿಡತೈತಿ ಅಂತ ಹೇಳಿದ್ರೆಲ್ಲ? ಹಂಗಾರ ಕೆಡವೂಣು!" ಎಂದಳು, ಭಾಗವ್ವನ ಜೊತೆ ಹಿಂದೆಯೇ ಬಂದಿದ್ದ ಅನಸವ್ವ.

ನೂಲಿನ ಚಿಂದಿ ತುಂಬಿದ ಮೂಟೆಗಳನ್ನು ತಂದು ಹಾಸಿದರು. ಬಾಳೇಶ ಹೆಗಲು ಹಿಡಿದು ಎಡಕ್ಕೆ ಕೆಡವಿದ. ಬಿಡಲಿಲ್ಲ. ಎಬ್ಬಿಸಿ ಬಲಕ್ಕೆ ಕೆಡವಿದರು. ಬಿಡಲಿಲ್ಲ. ಮೂರನೆಯ ಸಲಕ್ಕೆ, ಕೆಡವಲು ತಮಗೂ ಅವಕಾಶ ಕೊಡಿ ಎಂದು ಬಸ್ಸಿನಿಂದ ಇಬ್ಬರು ಮುಂದೆ ಬಂದರು.

"ದೂರ ಸರೀರಿ!" ಮೂಟೆಯ ಮೇಲೆ ಬಿದ್ದಲ್ಲಿಂದಲೇ ಸೋಮಲಿಂಗ, ಹಲಗೆಯ ಮೇಲೆ ಅಚ್ಚಾಗಿದ್ದ ಕಂಪನಿ ನಂಬರಿಗೆ ಫೋನ್ ಹಚ್ಚಿ ಹಿಂದಿಯಲ್ಲಿ ಗುಡುಗಿದ. ಆಚೆ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ, "ಸರ್, ಈಗ ನಿಮ್ಮಲ್ಲಿ ಹಿಮ ಎಷ್ಟಿದೆ?" ಎಂದು ಕೇಳಿದಳು.

"ಬನಹಟ್ಟಿಯಲ್ಲಿ ಹಿಮ ಎಲ್ಲಿಂದ ಬರುತ್ತದೆ, ತಾಯಿ?"

"ಕ್ಷಮಿಸಿ ಸರ್. ಹಿಮದ ಮೇಲೆ ಬಳಸಿದರೆ ಮಾತ್ರ ನಮ್ಮ ಹೊಣೆ."

ಫೋನ್ ಕಟ್ಟಾಯಿತು. ಸೋಮಲಿಂಗ ಮೊಬೈಲನ್ನು ಒಗೆಯಲು ಕೈ ಎತ್ತಿದ. ಹೊಸದೆಂದು ನೆನಪಾಗಿ ಬಾಳೇಶನ ಪಾನಾ ಒಗೆದ.

ಅಷ್ಟರಲ್ಲಿ ಮೊದಲ ಬಸ್ಸಿನ ಹಿಂದೆ ಬಂದು ನಿಂತ ಜಮಖಂಡಿ ಬಸ್ಸಿನಿಂದ ಸ್ನೇಹಾ ಇಳಿದು ಬಂದಳು. ಗುಂಪು ಸೀಳಿ ನೋಡಿದಳು. ನಗಲಿಲ್ಲ.

"ಅಪ್ಪಾ, ಎದ್ದ ನಿಂದರು." ಊರುಗೋಲಿನ ತುದಿಯಿಂದ ಬಲಗಾಲ ಮುಂದಿನ ಹಿಡಿಕೆಯನ್ನು ಕೆಳಕ್ಕೆ ಒತ್ತಿದಳು. ಟಕ್. ಕಾಲು ಬೂಟಿನ ಸಮೇತ ಹೊರಗೆ ಬಂತು. "ಇದು ಗುಡ್ಡಾ ಹತ್ತುವಾಗ ಹಾಕೂ ಕೀಲಿ. ಹತ್ತೂ ಮುಂದ ಬಿಡಬಾರದು. ಇಳಿಯೂ ಮುಂದ ಬಿಡಬೇಕು. ನೀ ಕೀಲಿ ಹಾಕಿ ಬಿಡವಲ್ದು ಅಂದ್ರ ಹೆಂಗ?"

"ಬಾಯಿ ಮಾತು ಬ್ಯಾಡ. ತೋರಸು."

ಆಕೆ ಬಲ ಬೈಂಡಿಂಗನ್ನು ಇಳಿಯುವ ಸ್ಥಿತಿಗೆ ತಿರುಗಿಸಿ, ಅಪ್ಪನ ಕಾಲನ್ನು ಮತ್ತೆ ಅದರಲ್ಲಿ ಒತ್ತಿಸಿದಳು. ಬಾಳೇಶನಿಗೆ ಹಲಗೆ ತಿರುವಲು ಹೇಳಿದಳು. ಅವನು ತಿರುವಿದ, ಟಕ್, ಬಿಟ್ಟಿತು. ಮುಂದಕ್ಕೆ ಬಾಗಿಸಿದ, ಹಿಮ್ಮಡಿ ಬಿಟ್ಟಿತು. ಸೋಮಲಿಂಗ ನಂಬಲಿಲ್ಲ. ಮತ್ತೆ ಮಾಡಿಸಿದ, ಮತ್ತೆ ಮಾಡಿಸಿದ. ಪ್ರತಿ ಸಲವೂ ಮೊಣಕಾಲಿಗೆ ನೋವು ತಾಕುವ ಮೊದಲೇ ಬಿಟ್ಟಿತು.

ಅವನ ಸಿಟ್ಟಿಗೆ ನಿಲ್ಲಲು ಜಾಗ ಉಳಿಯಲಿಲ್ಲ. ಮೂಟೆಯ ಮೇಲೆ ಕುಸಿದು ಕೂತ. ಕಣ್ಣು ಒದ್ದೆಯಾಗಿದ್ದವು. ಮಗಳ ಬಲ ಮೊಣಕಾಲನ್ನು ಸಲ್ವಾರಿನ ಮೇಲಿಂದಲೇ ಮುಟ್ಟಿ, ನೆರೆದವರಿಗೆಲ್ಲ ಕೇಳುವಂತೆ ಹೇಳಿದ: "ಹೋಗವಾ ನನ್ನವ್ವಾ. ಇನ್ನ ಮ್ಯಾಲೆ ನಾ ಅಡ್ಡ ಬರೂದಿಲ್ಲ. ಇಷ್ಟ ಮಂದಿ ಮುಂದ ಮಾತ ಕೊಡತೇನಿ."

ಭಾಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಂಪು ಚಪ್ಪಾಳೆ ಹೊಡೆಯಿತು.

ಸ್ನೇಹಾ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. "ಮಾತ ಕೊಟ್ಟೀ ಅಲ್ಲಪ್ಪಾ? ಹಂಗಾರ ಹೇಳತೇನಿ. ಈ ಸಲ ಕಲಿಸೂ ಕೆಲಸಲ್ಲ. ಈ ಬೈಂಡಿಂಗ್ ಮಾಡೂ ಕಂಪನ್ಯಾಗ ನೌಕರಿ ಸಿಕ್ಕೈತಿ. ಹೊಸಾ ಹೊಸಾ ನಮೂನಿ ಹಾಕ್ಕೊಂಡು, ಬೇಕಂತ ಬೀಳೂದು. ಬಿಡತೈತೋ ಇಲ್ಲೋ ನೋಡೂದು. ದಿನಾ."

ಗುಂಪು ಸೋಮಲಿಂಗನ ಕಡೆ ತಿರುಗಿತು.

"ಬೀಳಾಕ ಪಗಾರ ಕೊಡತಾರೇನವಾ?" ಅನಸವ್ವ ಕೇಳಿದಳು. "ನಮ್ಮ ಹುಡುಗ ಅಮಿತ ಬೈಕ್ ಮ್ಯಾಲಿಂದ ಪುಕ್ಕಟ ಬೀಳಾಕತ್ತಾನ. ಅವನ್ನೂ ಹಚ್ಚ ಅಲ್ಲೆ."

"ಸ್ನೇಹಾ!" ಸೋಮಲಿಂಗ ಭುಗಿಲೆದ್ದ. ಮಗಳತ್ತ ನುಗ್ಗಲು ಒಂದು ಹೆಜ್ಜೆ ಇಟ್ಟ. ಎಡಗಾಲಿನ ಸ್ಕೀ ಇನ್ನೂ ಕೀಲಿಯಲ್ಲಿತ್ತು. ಗರ್ರನೆ ತಿರುಗಿ ಮತ್ತೆ ಮೂಟೆಯ ಮೇಲೆ ಬಿದ್ದ. ಹಿಡಿಕೆ ಒತ್ತಲು ಬಗ್ಗಿದರೆ ಹೊಟ್ಟೆ ಅಡ್ಡ ಬರುತ್ತಿತ್ತು, ಊರುಗೋಲು ಮಗಳ ಕೈಯಲ್ಲಿತ್ತು.

"ಮೊದಲ ಇದನ್ನ ಬಿಚ್ಚು!"

"ಬಿಚ್ಚತೇನಪ್ಪಾ," ಎಂದಳು ಸ್ನೇಹಾ, ಅವನ ಕೈಗೆಟುಕದಷ್ಟು ದೂರದಲ್ಲಿ ಬಾಳೇಶನ ಸ್ಟೂಲ್ ಎಳೆದುಕೊಂಡು ಕೂರುತ್ತ. "ನಿನ್ನ ಸಿಟ್ಟ ಇಳೀಲಿ."

ಎದುರಿನ ಹೋಟೆಲಿನಿಂದ ಚಹಾ ತರಿಸಿದರು. ಕಬ್ಬಿನ ಟ್ರ್ಯಾಕ್ಟರ್ ಹೋಯಿತು, ಬಸ್ಸುಗಳು ಹೋದವು, ಹೊತ್ತು ಮುಳುಗಿ ಬಾಳೇಶ ಗ್ಯಾರೇಜಿನ ದೀಪ ಹಚ್ಚಿದ. ಸೋಮಲಿಂಗ ಇನ್ನೂ ಬೈಯುತ್ತಲೇ ಇದ್ದ.