ಖಾಲಿ ಡ್ರಮ್ಮಿನ ಪರೀಕ್ಷೆ

ಮುನ್ನೂರು ವರ್ಷದಾಚೆಯ ಮಾತು ಹೇಳುವಷ್ಟು ಓದಿದವನಲ್ಲ ನಾನು. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಆದರೂ ಅಣುಶಕ್ತಿ ಇಲಾಖೆಯ ಇಂಜಿನಿಯರ್ ಶ್ರೀನಾಥನಿಗೆ ಆದದ್ದನ್ನು ಹೇಳದೆ ಇರಲಾರೆ.

ಎಲ್ಲಕ್ಕೂ ಕಾರಣ ಒಂದು ಬೋರ್ಡು. ಚಿಗಟೇರಿಯಾಚೆಯ ಬೀಳು ನೆಲದಲ್ಲಿ ಅಣುತ್ಯಾಜ್ಯ ಹೂಳಬಹುದೇ ಎಂದು ನೋಡಲು ಅವನ ಕಚೇರಿ ವರ್ಷದ ಹಿಂದೆ ಖಾಲಿ ಡ್ರಮ್ಮೊಂದನ್ನು ಹುಗಿಸಿತ್ತು. ಈಗ ಶ್ರೀನಾಥ ‘ಸುರಕ್ಷಿತ’ ಎಂದು ಸಹಿ ಹಾಕಿದರೆ ನಿಜವಾದ ತ್ಯಾಜ್ಯವೇ ಬರುವುದಿತ್ತು. ಆ ಸಹಿಯ ಭಯಕ್ಕೆ ವಾರದಿಂದ ಅವನಿಗೆ ನಿದ್ದೆ ಬಂದಿರಲಿಲ್ಲ. ಜನರನ್ನಾದರೂ ಎಚ್ಚರಿಸೋಣವೆಂದು ಬೆಳಿಗ್ಗೆ ತಾನೇ ಬೋರ್ಡು ನೆಟ್ಟ: ‘ಇಲ್ಲಿ ಮುನ್ನೂರು ವರ್ಷ ಯಾರೂ ಅಗೆಯಬಾರದು.’

ಪಕ್ಕದ ಹೊಲದ ಯರ್ರೆಪ್ಪ ಓಡಿಬಂದ. “ಏನ್ ಹುಗಿದೀರಿ ಸರ?”

“ಖಾಲಿ ಡ್ರಮ್ಮು.”

“ಖಾಲಿ ಡ್ರಮ್ಮಿಗೆ ಯಾರರ ಬೋರ್ಡ್ ಹಾಕ್ತಾರೇನ್ರಿ?”

“ಮುಂದ ವಿಷ ಇಡ್ತಾರ. ಕಣ್ಣಿಗೆ ಕಾಣಂಗಿಲ್ಲ, ವಾಸನಿ ಇಲ್ಲ. ಹತ್ರ ಹೋದವ್ರು ಉಳಿಯಂಗಿಲ್ಲ.”

ಮೇಕೆ ಕಾಯುತ್ತಿದ್ದ ಗಾದೆಮ್ಮ ಕೆನ್ನೆ ಬಡಿದುಕೊಂಡಳು. “ನಿಧಿ ಐತಿ ಅಂತ ನೆಟ್ಟಗ ಹೇಳಪ್ಪ!”

ಸುದ್ದಿ ಮಿರ್ಚಿಯ ಘಾಟಿನಂತೆ ಊರಿಡೀ ಹಬ್ಬಿತು. ಮಧ್ಯಾಹ್ನಕ್ಕೆ ಹನ್ನೊಂದು ಗುದ್ದಲಿ ಬಂದವು. “ಅಗೀಬ್ಯಾಡ್ರಿ” ಎಂದು ಶ್ರೀನಾಥ ಕೂಗಿದಷ್ಟೂ ಜನರ ನಂಬಿಕೆ ಗಟ್ಟಿಯಾಯಿತು. ಕೊನೆಗೆ ಗಾಬರಿಯಲ್ಲಿ ಬೋರ್ಡು ಕಿತ್ತು, “ಜಾಗ ತಪ್ಪೈತ್ರಿ, ಇಲ್ಲೇನಿಲ್ಲ” ಎಂದ. ಎಲ್ಲರೂ ಗೊಣಗುತ್ತ ಚದುರಿದರು.

ಅವನು ಊಟ ಮುಗಿಸಿ ಬರುವಷ್ಟರಲ್ಲಿ ಅದೇ ಊರಿನ ಗಂಗಪ್ಪನ ಟ್ರ್ಯಾಕ್ಟರು ಬೀಳನ್ನೆಲ್ಲ ಉತ್ತುಬಿಟ್ಟಿತ್ತು.

“ಬೋರ್ಡ್ ತೆಗದ್ರಲ್ರಿ, ಬಿಟ್ಟುಕೊಟ್ರು ಅಂದ್ಕೊಂಡೆ” ಎಂದ ಗಂಗಪ್ಪ.

ನಾಲ್ಕಕ್ಕೆ ಡ್ರಮ್ಮು ತೆಗೆಸಿ ನೋಡಲು ಮೇಲಧಿಕಾರಿ ಸಮತಾ ಬಂದಳು. ಡ್ರಮ್ಮು ಎಲ್ಲಿದೆಯೆಂದು ಶ್ರೀನಾಥನಿಗೇ ತಿಳಿಯಲಿಲ್ಲ. ಆಕೆ ಊರವರನ್ನೇ ಗುದ್ದಲಿ ಸಮೇತ ಕರೆಸಿದಳು. ಏಳನೆಯ ಗುಂಡಿಯಲ್ಲಿ ಠಣ್ಣೆಂದಿತು. ಯರ್ರೆಪ್ಪ ಮುಚ್ಚಳ ತೆಗೆದು ಇಣುಕಿದ.

“ಖಾಲಿ! ಊಟಕ್ಕ ಅಂತ ಹೋಗಿ ನಿಧಿ ಸಾಗಿಸಿಬಿಟ್ರೇನ್ರಿ ಸರ?”

ಶ್ರೀನಾಥನಿಗೆ ಅವಮಾನಕ್ಕಿಂತ ಸಮಾಧಾನವೇ ಹೆಚ್ಚಾಯಿತು. “ಮೇಡಂ, ಒಂದ ದಿನದಾಗ ಉತ್ತೂ ಬಿಟ್ರು, ಅಗದೂ ಬಿಟ್ರು. ಈ ಜಾಗ ಸುರಕ್ಷಿತ ಅಲ್ಲಂತ ಬರೀತೀನ್ರಿ.”

ಆಕೆ ಫಾರಂ ತೆರೆದಳು. “ತುಕ್ಕು ಹಿಡಿದಿದೆಯಾ?”

“ಇಲ್ರಿ.”

“ನೀರು ಇಳಿದಿದೆಯಾ?”

“ಇಲ್ರಿ. ಆದ್ರ ಜನ…”

“ಜನಕ್ಕೆ ಇದರಲ್ಲಿ ಕಾಲಂ ಇಲ್ಲ ಶ್ರೀನಾಥ್. ಡ್ರಮ್ಮು ಪಾಸಾಗಿದೆ. ಸಹಿ ಹಾಕಿ.”

ಹಾಕಿದ.

ಹೆದರಿಸಿದರೆ ಅಗೆಯುತ್ತಾರೆ, ಸುಮ್ಮನಿದ್ದರೆ ಉಳುತ್ತಾರೆ. ಮತ್ತೇನು ಮಾಡಬೇಕಿತ್ತೋ, ನನಗೆ ಗೊತ್ತಿಲ್ಲ.